ಏಳನೆಯ ಅಲಗು

"ಏಳನೇ ಜಾಗ ಮಾತ್ರ ಮುಟ್ಟಬೇಡಮ್ಮ. ಅದು ಖಾಲೀನೇ ಇರ್ಲಿ," ಎಂದು ಭಾವ ಹೇಳಿದಾಗ ಆ ಮನೆಯ ಸೊಸೆಯ ಎರಡೂ ಕೈಗಳು ಮೊಣಕೈವರೆಗೆ ಗ್ರೀಸಿನಲ್ಲಿದ್ದವು. ಅವಳು ತಲೆ ಎತ್ತದೆಯೇ ನಕ್ಕಳು. ಖಾಲಿ ಜಾಗಕ್ಕೂ ಕಾವಲು ಕೂರಿಸುವ ಮನೆಯನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದಳು. ಭಾವ ನಗಲಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಒರಗಿ, ಕೈಯಲ್ಲಿದ್ದ ಹುಲ್ಲಿನ ಎಸಳನ್ನು ಚೂರು ಚೂರು ಮಾಡುತ್ತ ನಿಂತೇ ಇದ್ದ.

ಅವಳು ಈ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಪೇಟೆಯಲ್ಲಿ ಲೇತ್ ಇಟ್ಟುಕೊಂಡಿದ್ದವನ ಒಬ್ಬಳೇ ಮಗಳು. ಗೊಂಬೆ ಹಿಡಿಯುವ ವಯಸ್ಸಿನಲ್ಲಿ ಸ್ಪ್ಯಾನರ್ ಹಿಡಿದವಳು. ಮದುವೆಯಾಗಿ ಬರುವಾಗ ಸೀರೆಯ ಪೆಟ್ಟಿಗೆಗಿಂತ ಸಲಕರಣೆಯ ಪೆಟ್ಟಿಗೆಯೇ ಭಾರವಿತ್ತು. ನೆಂಟರಿಷ್ಟರೆಲ್ಲ ಅದನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟಾಗ, ಮಾತಿಲ್ಲದೆ ಅದನ್ನು ಹೆಗಲ ಮೇಲೆ ಹೊತ್ತು ಒಳಗೆ ಒಯ್ದವನು ಗಂಡನ ಅಣ್ಣನಾದ ಈ ಭಾವ. ಕೊಟ್ಟಿಗೆಯ ಮೂಲೆಯಲ್ಲಿ ಅವಳಿಗೆಂದು ಒಂದು ಹಲಗೆ ಹೊಡೆದು, ಸಲಕರಣೆಗಳನ್ನು ನೇತುಹಾಕಲು ಸಾಲು ಕೊಕ್ಕೆ ಮಾಡಿಕೊಟ್ಟವನೂ ಅವನೇ. ಮದುವೆಯಾಗದ, ಮಾತು ಕಡಿಮೆಯ, ದನಗಳ ಜೊತೆ ಮಾತ್ರ ಮನಸ್ಸು ಬಿಚ್ಚುವ ಮನುಷ್ಯ. ಅವಳಿಗೆ ಅವನ ಮೇಲೆ ಗೌರವವಷ್ಟೇ ಅಲ್ಲ, ಅಕ್ಕರೆಯೂ ಇತ್ತು.

ಈಗ ಹುಲ್ಲು ಕೊಯ್ಯುವ ಕಾಲ. ಇಪ್ಪತ್ತೆರಡು ದನಗಳು ಮುಂದಿನ ಆರು ತಿಂಗಳು ತಿನ್ನಬೇಕಾದದ್ದು ಮನೆಯ ಹಿಂದಿನ ದೊಡ್ಡ ಬಯಲಿನಲ್ಲಿ ಎದೆಯೆತ್ತರ ನಿಂತಿತ್ತು. ಪಡುವಣದಲ್ಲಿ ಮೋಡ ದಿನಕ್ಕೊಂದು ಪದರ ಏರುತ್ತಿತ್ತು. ಕೊಯ್ದ ಹುಲ್ಲಿನ ಮೇಲೆ ಒಂದು ಮಳೆ ಬಿದ್ದರೆ ಸಾಕು, ಎಲ್ಲ ಕಪ್ಪಾಗಿ ಕೊಳೆತು ನಾರುತ್ತದೆ. ಇಂಥ ಹೊತ್ತಿಗೆ ಸರಿಯಾಗಿ ಕೊಯ್ಯುವ ಮಿಷನ್ನು ಕೈಕೊಟ್ಟಿತ್ತು. ಅದು ಅತ್ತೆಗಿಂತ ಹಳೆಯದು. ಒಂದು ಕಾಲಕ್ಕೆ ಎತ್ತುಗಳು ಎಳೆಯುತ್ತಿದ್ದವು, ಈಗ ಟ್ರ್ಯಾಕ್ಟರಿನ ಹಿಂದೆ ಕಟ್ಟುತ್ತಾರೆ. ಅದರ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಕೈಯಲ್ಲೇ ಮಾಡಿಕೊಳ್ಳಬೇಕು. ಮೂರು ದಿನದಿಂದ ಅವಳು ಅದರ ಹೊಟ್ಟೆಯೊಳಗೇ ಇದ್ದಳು. ಮುರಿದ ಮರದ ತೋಳನ್ನು ಹೊಸದಾಗಿ ಕೆತ್ತಿದ್ದಳು, ತುಕ್ಕು ಹಿಡಿದ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಅರದಿಂದ ಉಜ್ಜಿದ್ದಳು. ನನಗಿಂತ ಆ ಕಬ್ಬಿಣದ ಮುದುಕನ ಜೊತೆಗೇ ನಿನ್ನ ಸಂಸಾರ ಜಾಸ್ತಿಯಾಯಿತು ಎಂದು ಗಂಡ ದಿನಕ್ಕೆ ಹತ್ತು ಸಲ ರೇಗಿಸುತ್ತಿದ್ದ. ಅವನದು ಸುಮ್ಮನಿರದ ಬಾಯಿ, ಮನೆಯ ಗದ್ದಲವೆಲ್ಲ ಅವನೊಬ್ಬನದೇ.

ಮಿಷನ್ನಿನ ಬಗಲಲ್ಲಿ ಉದ್ದಕ್ಕೆ ಚಾಚಿಕೊಂಡ ಒಂದು ಕಬ್ಬಿಣದ ಪಟ್ಟಿ. ಅದರ ಮೇಲೆ ಮೂರು ಮೂಲೆಯ ಅಲಗುಗಳನ್ನು ಸಾಲಾಗಿ, ಒಂದೊಂದಕ್ಕೂ ಎರಡೆರಡು ರಿವಿಟ್ ಮೊಳೆ ಹೊಡೆದು ಕೂರಿಸಿರುತ್ತಾರೆ. ಚಕ್ರ ತಿರುಗಿದಂತೆ ಪಟ್ಟಿ ಎಡಕ್ಕೂ ಬಲಕ್ಕೂ ಓಡಾಡಿ, ಅದರ ಕೆಳಗೆ ಅಲುಗದೆ ಮುಂದಕ್ಕೆ ಚಾಚಿರುವ ಕಬ್ಬಿಣದ ಬೆರಳುಗಳ ನಡುವೆ ಸಿಕ್ಕ ಹುಲ್ಲನ್ನು ಕತ್ತರಿಸಿ ಮಲಗಿಸುತ್ತದೆ. ಹದಿನಾಲ್ಕು ಅಲಗುಗಳ ಜಾಗದಲ್ಲಿ ಇದ್ದದ್ದು ಹದಿಮೂರು. ಏಳನೆಯದು ಇಲ್ಲ. ಹಾಗಾಗಿ ಮಿಷನ್ನು ಹೋದಲ್ಲೆಲ್ಲ ನಾಲ್ಕು ಬೆರಳಗಲದ ಹುಲ್ಲಿನ ಗೆರೆಯೊಂದು ಕೊಯ್ಯದೆ ಉಳಿಯುತ್ತಿತ್ತು. ಆ ಗೆರೆಗಳನ್ನು ಪ್ರತಿವರ್ಷ ಅತ್ತೆ ಕುಡುಗೋಲು ಹಿಡಿದು, ಬಗ್ಗಿ, ಬಯಲಿನ ಈ ತುದಿಯಿಂದ ಆ ತುದಿಗೆ ಕೈಯಿಂದಲೇ ಕೊಯ್ಯುತ್ತಿದ್ದಳು. ಈ ವರ್ಷ ಅತ್ತೆಗೆ ಒಲೆಯ ಮುಂದೆ ಬಗ್ಗಿದರೆ ಏಳುವುದಕ್ಕೇ ಗೋಡೆ ಬೇಕಿತ್ತು.

ಭಾವ ಕೊನೆಗೂ ಬಾಯಿ ಬಿಟ್ಟ. ಅಜ್ಜನ ಕಾಲದ ಮಾತು. ಹೀಗೇ ಮೋಡ ಕವಿದ ಒಂದು ದಿನ ಕಮ್ಮಾರನೊಬ್ಬ ಬಯಲಿನಲ್ಲೇ ಕೂತು ಏಳನೆಯ ಅಲಗಿಗೆ ರಿವಿಟ್ ಹೊಡೆಯುತ್ತಿದ್ದ. ಮಳೆ ಬಂದೇಬಿಡುತ್ತದೆಂಬ ಅವಸರಕ್ಕೆ ಅಜ್ಜ, ಅವನ ಕೈ ಹೊರಗೆ ಬಂದಿದೆಯೋ ಇಲ್ಲವೋ ನೋಡದೆ ಎತ್ತುಗಳನ್ನು ಹೊಡೆದುಬಿಟ್ಟ. ಕಮ್ಮಾರ ಅಲ್ಲೇ ರಕ್ತ ಹರಿದು ಸತ್ತ. ಅವನ ತಾಯಿ ಬಂದಳು. ಅಳಲಿಲ್ಲವಂತೆ. ಏಳನೆಯ ಅಲಗನ್ನು ಕಿತ್ತು ತೆಗೆದು, ಆ ಖಾಲಿ ಜಾಗಕ್ಕೆ ಏನನ್ನೋ ಮೆತ್ತಿ, ಅದರ ಮೇಲೆ ಬಾಯಿಟ್ಟು ಬಹಳ ಹೊತ್ತು ಪಿಸುಗುಟ್ಟಿದಳಂತೆ. ಆಮೇಲೆ ಎದ್ದು ಎಲ್ಲರಿಗೂ ಕೇಳುವ ಹಾಗೆ ಒಂದೇ ಮಾತು ಹೇಳಿದಳು.

"'ಇದರ ಬಾಯಿ ತುಂಬಿದ ದಿನ ಈ ಮನೆಯವರೆಲ್ಲ ಅದರ ಮುಂದೆ ಹುಲ್ಲಾಗಿ ಮಲಗಲಿ. ತುಂಬಿಸಿದೋರು ಒಬ್ಬರು ಉಳೀಲಿ, ನನ್ನ ಹಾಗೆ ನೋಡೋದಕ್ಕೆ' ಅಂದ್ಲಂತೆ," ಎಂದ ಭಾವ.

ಅವಳಿಗೆ ಕಮ್ಮಾರನ ಮೇಲೆ ಕನಿಕರ ಬಂತು, ಅಜ್ಜನ ಮೇಲೆ ಸಿಟ್ಟು ಬಂತು, ಮಾಟದ ಮಾತಿಗೆ ಮಾತ್ರ ನಗು ಬಂತು. ಮೂರು ತಲೆಮಾರು ಒಂದು ಅಲಗಿಗೆ ಹೆದರಿ ಕೂತಿದೆ, ಅದರ ಭಾರವೆಲ್ಲ ಒಬ್ಬ ಮುದುಕಿಯ ಸೊಂಟದ ಮೇಲೆ. ಆದರೂ ಭಾವನ ಮುಖ ನೋಡಿ ಅವಳು ನಗುವನ್ನು ನುಂಗಿಕೊಂಡಳು.

"ಆಯ್ತು ಭಾವ, ಮುಟ್ಟಲ್ಲ ಬಿಡಿ," ಎಂದಳು. ಸುಳ್ಳು ಹೇಳಿದ್ದು ಅವಳಿಗೂ ಗೊತ್ತಿತ್ತು. ಅವನು ನಂಬಿ, ಸಮಾಧಾನದ ಉಸಿರು ಬಿಟ್ಟು ಹೊರಟುಹೋದ.

ಮಾರನೆಯ ದಿನ ಬೆಳಿಗ್ಗೆ ಭಾವ ದೂರದ ಹೊಲಕ್ಕೆ ಹೋಗುವುದನ್ನೇ ಕಾದು ಅವಳು ಪಟ್ಟಿಯನ್ನು ಹೊರಗೆಳೆದು ಮೊಣಕಾಲ ಮೇಲೆ ಇಟ್ಟುಕೊಂಡಳು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಏಳನೆಯ ಜಾಗವನ್ನು ಒರೆಸಿದಳು. ಅದು ಖಾಲಿ ಇರಲಿಲ್ಲ. ರಿವಿಟ್ಟಿನ ಎರಡು ತೂತುಗಳನ್ನೂ ಮುಚ್ಚಿ ಕಪ್ಪಗಿನ ಒಂದು ಹೆಪ್ಪು ಕೂತಿತ್ತು. ಹಳೆಯ ಗ್ರೀಸೆಂದುಕೊಂಡು ಸ್ಕ್ರೂ ಡ್ರೈವರಿನಿಂದ ಕೆರೆದಳು. ಸಿಪ್ಪೆ ಎದ್ದಿತು. ಒಳಗೆ ಮೇಣ. ಮೇಣದೊಳಗೆ ಸುತ್ತಿ ಸುತ್ತಿ ಗಂಟು ಹಾಕಿದ ಉದ್ದನೆಯ ನರೆಗೂದಲು. ಕೂದಲಿನೊಳಗೆ ಬುಡಸಮೇತ ಬಂದ ಒಂದು ಹೆಬ್ಬೆರಳ ಉಗುರು. ಇಷ್ಟು ವರ್ಷದ ಮೇಲೂ ಅದರಿಂದ ಹಸಿ ಮಾಂಸದ ವಾಸನೆ ಬಂತು.

ಅವಳು ಮೂಗು ಮುಚ್ಚಿಕೊಂಡಳು. ಒಂದು ಗಳಿಗೆ ಕೈ ನಿಂತಿತು ಕೂಡ. ಆದರೆ ಅಡುಗೆಮನೆಯಿಂದ ಅತ್ತೆ ನರಳುತ್ತ ಗೋಡೆ ಹಿಡಿದು ಏಳುವ ಸದ್ದು ಕೇಳಿತು. ಅಷ್ಟು ಸಾಕಾಯಿತು. ಆ ಹೆಪ್ಪನ್ನು ಇಕ್ಕಳದಲ್ಲಿ ಹಿಡಿದು, ಮೂಲೆಯಲ್ಲಿ ತಾನೇ ಹೂಡಿಕೊಂಡಿದ್ದ ಸಣ್ಣ ಕುಲುಮೆಯ ಕೆಂಡಕ್ಕೆ ಎಸೆದಳು. ಕೂದಲು ಸುಟ್ಟ ನಾತ ಕೊಟ್ಟಿಗೆಯೆಲ್ಲ ತುಂಬಿತು. ಅದುವರೆಗೆ ಮೆಲುಕು ಹಾಕುತ್ತಿದ್ದ ದನಗಳ ದವಡೆ ಒಟ್ಟಿಗೇ ನಿಂತುಬಿಟ್ಟಿತು.

ಅವಳು ಅದನ್ನು ಗಮನಿಸಲಿಲ್ಲ. ಕೆಲಸಕ್ಕೆ ಕೂತರೆ ಅವಳಿಗೆ ಲೋಕವೇ ಬೇಡ. ಹಳೆಯ ಗರಗಸದ ಹಾಳೆಯಿಂದ ಮೂರು ಮೂಲೆಯ ತುಂಡು ಕತ್ತರಿಸಿದಳು, ಅಂಚಿಗೆ ಅರ ಹಿಡಿದಳು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಳು. ಅಪ್ಪ ಕಲಿಸಿದ ಹಾಗೆ ಹದವಾಗಿ ಮತ್ತೆ ಬಿಸಿ ತೋರಿಸಿ, ಅಂಚು ಬೈಹುಲ್ಲಿನ ಬಣ್ಣಕ್ಕೆ ತಿರುಗಿದೊಡನೆ ತೆಗೆದಳು. ಉಳಿದ ಹದಿಮೂರೂ ಅದರ ಮುಂದೆ ಮಂಕಾಗಿ ಕಂಡವು. ಜಾಗಕ್ಕೆ ಕೂರಿಸಿ ಮೊದಲನೆಯ ರಿವಿಟ್ ಹೊಡೆದಳು. ಎರಡನೆಯದರ ಮೇಲೆ ಸುತ್ತಿಗೆಯ ಕೊನೆಯ ಏಟು ಬಿದ್ದಾಗ ಪಟ್ಟಿ ಅವಳ ತೊಡೆಯ ಮೇಲೆ ಒಮ್ಮೆ ನಡುಗಿತು. ತನ್ನ ಕಾಲೇ ಜೋಮು ಹಿಡಿದಿರಬೇಕೆಂದು ಅವಳು ಎದ್ದು ಕೊಡವಿಕೊಂಡಳು.

ಮಧ್ಯಾಹ್ನ ಮೂರಕ್ಕೆ ಗಂಡ ಟ್ರ್ಯಾಕ್ಟರಿಗೆ ಮಿಷನ್ನು ಹೂಡಿದ. ಬಯಲಿನ ಅಂಚಿನಿಂದ ಸುತ್ತು ಹಾಕುತ್ತ ಒಳಕ್ಕೆ ಹೋಗುವುದು ವಾಡಿಕೆ. ಅವಳು ಸಲಕರಣೆಯ ಚೀಲವನ್ನೂ ಹಾರೆಯನ್ನೂ ಮರದ ಬುಡದಲ್ಲಿಟ್ಟು ನೋಡುತ್ತ ನಿಂತಳು. ಅಬ್ಬಾ, ಎಂಥ ಕೊಯ್ಲು! ಹುಲ್ಲು ಒಂದೇ ಸಮನೆ ಮಲಗುತ್ತ ಹೋಯಿತು. ನಡುವೆ ಗೆರೆಯಿಲ್ಲ, ಎಸಳಿಲ್ಲ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸುವಷ್ಟು ಹಿಗ್ಗಾಯಿತು. ಎರಡನೆಯ ಸುತ್ತಿನಲ್ಲಿ ಗಂಡ ದಾಟಿಹೋಗುವಾಗ ಏನೋ ಕೀಟಲೆ ಮಾಡುತ್ತಾನೆಂದು ಕಾದಳು. ಅವನು ಅವಳ ಕಡೆ ತಿರುಗಲೇ ಇಲ್ಲ.

ಆಗ ಹಿಂದೆ ಯಾರೋ ಏದುಸಿರು ಬಿಡುವುದು ಕೇಳಿತು. ಭಾವ. ಅಷ್ಟು ದೂರದಿಂದ ಸದ್ದಿನ ಗುರುತು ಹಿಡಿದು ಓಡಿ ಬಂದಿದ್ದ. ಬದುಕಿನುದ್ದಕ್ಕೂ ಕೇಳಿದ ಮಿಷನ್ನಿನ ಕಟಕಟದ ನಡುವೆ, ಏಳನೆಯ ಜಾಗಕ್ಕೆ ಬೀಳುತ್ತಿದ್ದ ಸಣ್ಣ ಬಿಡುವು ಈಗ ಇರಲಿಲ್ಲ.

"ಹಾಕ್ಬಿಟ್ಯಾ?" ಎಂದ.

ಅತ್ತೆಯ ಸೊಂಟ, ಮೋಡ, ದನಗಳ ಹೊಟ್ಟೆ ಎಂದು ಅವಳು ಏನೇನೋ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಜಗಳವಾಡಲಾದರೂ ಬರುತ್ತಿತ್ತು. "ನಿಲ್ಲಿಸ್ಬೇಕು," ಎಂದಷ್ಟೇ ಹೇಳಿ ಅವನು ಟ್ರ್ಯಾಕ್ಟರಿನ ದಾರಿಗೆ ಅಡ್ಡವಾಗಿ, ಎದೆಯೆತ್ತರದ ಹುಲ್ಲಿನೊಳಗೆ ನಡೆದುಹೋದ. ಅವಳಿಗೆ ಮುಖಭಂಗವಾದಂತಾಯಿತು. ಈಗ ಅಣ್ಣ ತಮ್ಮ ಸೇರಿ ಏನಾದರೂ ಮಾಡಿಕೊಳ್ಳಲಿ ಎಂದು ಗೊಣಗುತ್ತ, ಗಂಡನಿಗೆ ನೀರು ತರಲು ಮನೆಯ ಕಡೆ ತಿರುಗಿದಳು.

ಅರ್ಧ ದಾರಿಯಲ್ಲಿ ಮಿಷನ್ನಿನ ಸದ್ದು ಒಮ್ಮೆ ಉಸಿರು ಕಟ್ಟಿದಂತಾಗಿ ಒದ್ದಾಡಿತು. ಅವಳು ಕಿವಿ ನಿಮಿರಿಸಿದಳು. ಮರುಗಳಿಗೆಯೇ ಸದ್ದು ಮತ್ತೆ ಸರಾಗವಾಯಿತು. ಹುತ್ತಕ್ಕೋ ಬೇರಿಗೋ ಸಿಕ್ಕಿರಬೇಕು, ಬೇರೆಯವರು ಮಾಡಿದ ಅಲಗಾಗಿದ್ದರೆ ಎಗರಿಹೋಗುತ್ತಿತ್ತು ಎಂದುಕೊಂಡು ಮುಂದೆ ನಡೆದಳು.

ಮನೆಯ ಬಾಗಿಲು ಹಾರುಹೊಡೆದಿತ್ತು. ಹೊಸಿಲ ಬಳಿ ಅತ್ತೆಯ ಚಪ್ಪಲಿ, ಒಂದು ಮಗುಚಿ ಬಿದ್ದಿತ್ತು. ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಹೊಗೆಯಾಡುತ್ತಿತ್ತು. "ಅತ್ತೆ?" ಎಂದು ಕೂಗಿದಳು. ಹಾಲು ಸೀಯಲು ಬಿಡುವ ಹೆಂಗಸಲ್ಲ ಅತ್ತೆ. ಎರಡು ಕೋಣೆ ನೋಡಿದಳು, ಬಚ್ಚಲು ನೋಡಿದಳು. ಕೊಟ್ಟಿಗೆಗೆ ಓಡಿದಳು. ಇಪ್ಪತ್ತೆರಡು ದನಗಳೂ ಬಯಲಿಗೆ ಬೆನ್ನು ಹಾಕಿ, ಮುಖವನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಒಂದೂ ಬಾಲ ಆಡಿಸುತ್ತಿರಲಿಲ್ಲ. ಹಗಲು ನಿಚ್ಚಳವಾಗಿಯೇ ಇತ್ತು, ಆದರೆ ಒಂದು ಕಾಗೆಯ ಕೂಗಿಲ್ಲ, ನೊಣದ ಗುಂಯ್‌ಗುಡುವಿಕೆಯಿಲ್ಲ. ಇದ್ದದ್ದು ಬಯಲಿನಿಂದ ಬರುವ ಮಿಷನ್ನಿನ ಕಟಕಟ ಒಂದೇ.

ಅವಳು ಓಡಿದಳು. ಅರ್ಧ ದಿನದ ಕೆಲಸ ಅಷ್ಟರಲ್ಲೇ ಮುಗಿದುಹೋಗಿ, ಬಯಲಿನ ನಡುವೆ ಈಗ ಒಂದು ಅಂಗಳದಷ್ಟು ಹುಲ್ಲು ಮಾತ್ರ ನಿಂತಿತ್ತು. ಆ ಹುಲ್ಲಿನೊಳಕ್ಕೆ ಬರಿಗಾಲಲ್ಲಿ ಅತ್ತೆ ನಡೆದುಹೋಗುತ್ತಿದ್ದಳು. ಗೋಡೆ ಬೇಡ, ಆಸರೆ ಬೇಡ, ಸೊಂಟ ನೆಟ್ಟಗಿತ್ತು. ನೋಡುತ್ತಿದ್ದಂತೆ ಅತ್ತೆ ನಿಂತಳು, ಸೆರಗನ್ನು ಸರಿಯಾಗಿ ಹೊದ್ದುಕೊಂಡಳು, ಮಲಗಿದಳು. ಹುಲ್ಲು ಅವಳ ಮೇಲೆ ಮುಚ್ಚಿಕೊಂಡಿತು. ಟ್ರ್ಯಾಕ್ಟರ್ ತಿರುವು ತೆಗೆದುಕೊಂಡು ನೇರ ಆ ಕಡೆಗೇ ಬರುತ್ತಿತ್ತು.

"ರೀ! ನಿಲ್ಸಿ!"

ಗಂಡನ ಕಣ್ಣು ತೆರೆದಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ತುಟಿಯ ಮೂಲೆಯಿಂದ ಜೊಲ್ಲು ಇಳಿದಿತ್ತು. ಅವಳು ಚಕ್ರದ ಬಗಲಲ್ಲೇ ಓಡಿ, ಮೆಟ್ಟಿಲಿಗೆ ಜಿಗಿದು, ಕೀಲಿ ತಿರುಗಿಸಿ ಕಿತ್ತಳು. ಇಂಜಿನ್ ಸತ್ತಿತು. ಹೊಗೆ ನಿಂತಿತು. ಟ್ರ್ಯಾಕ್ಟರ್ ನಿಲ್ಲಲಿಲ್ಲ. ಸದ್ದಿಲ್ಲದ ಇಂಜಿನ್ನನ್ನು ಹಿಂದಿನಿಂದ ಮಿಷನ್ನು ನೂಕುತ್ತಿತ್ತು. ಕಟಕಟಕಟಕಟ. ಕುಲುಮೆಯಲ್ಲಿ ಎದ್ದಿದ್ದ ಆ ಸುಟ್ಟ ಕೂದಲಿನ ನಾತ ಇಲ್ಲಿಯೂ ಇತ್ತು. ಗಂಡನ ಕೈ ಹಿಡಿದು ಎಳೆದಳು. ಅವನು ಮರದ ಬೊಡ್ಡೆಯಂತೆ ಕೂತೇ ಇದ್ದ. ಬಾಯಿ ತುಂಬಿಸಿದವಳು ತಾನು. ನೋಡುವುದಕ್ಕೆ ಉಳಿದವಳೂ ತಾನೇ.

ಹಾರಿ ಇಳಿದಳು. ಮರದ ಬುಡದಿಂದ ಹಾರೆಯನ್ನೂ ಉಳಿಯನ್ನೂ ಸುತ್ತಿಗೆಯನ್ನೂ ಬಾಚಿಕೊಂಡಳು. ಓಡುತ್ತ ಲೆಕ್ಕ ಹಾಕಿದಳು. ಅಲಗು ಮುರಿಯದು. ಅದು ಮುರಿಯದಂತೆ ಹದ ಮಾಡಿದವಳೇ ಅವಳು. ಮೆತ್ತಗಿರುವುದು ರಿವಿಟ್ ಮಾತ್ರ. ಎರಡು ರಿವಿಟ್. ಪಟ್ಟಿ ಓಡಾಡುತ್ತಿರುವಾಗ ಕಡಿಯಲಾಗದು. ಮೊದಲು ಅದನ್ನು ತಡೆಯಬೇಕು.

ಅತ್ತೆ ಮಿಷನ್ನಿಗೆ ಐದೇ ಮಾರು ದೂರದಲ್ಲಿದ್ದಳು. ಅವಳ ಎರಡೂ ಕಂಕುಳಿಗೆ ಕೈ ಕೊಟ್ಟು ದರದರ ಎಳೆದಳು. ಮಿಷನ್ನಿನ ದಾರಿಯಾಚೆ ಬಿಟ್ಟು ತಿರುಗಿದರೆ ಅತ್ತೆ ತೆವಳಿಕೊಂಡು ಮತ್ತೆ ಬರುತ್ತಿದ್ದಳು. ಮುಖ ಶಾಂತವಾಗಿತ್ತು. ನಿದ್ದೆಯಲ್ಲಿ ಹಾಸಿಗೆ ಹುಡುಕುವವರ ಮುಖ.

ಇನ್ನು ಎಳೆದು ಪ್ರಯೋಜನವಿಲ್ಲ. ಅವಳು ಮಿಷನ್ನಿನ ಎದುರಿಗೇ ಹೋದಳು. ಹಾರೆಯನ್ನು ಎರಡು ಕಬ್ಬಿಣದ ಬೆರಳುಗಳ ನಡುವೆ ಗುರಿಯಿಟ್ಟು ತುರುಕಿದಳು. ಕಿರ್ರನೆ ಕಿಡಿ ಎದ್ದಿತು. ಪಟ್ಟಿ ನಿಂತಿತು. ನಿಂತಲ್ಲೇ ಅದುರುತ್ತಿತ್ತು. ಟ್ರ್ಯಾಕ್ಟರಿನ ಚಕ್ರಗಳು ಮಣ್ಣು ಕೆದರತೊಡಗಿದವು. ಹಾರೆ ನಿಧಾನಕ್ಕೆ ಬಾಗತೊಡಗಿತು.

ಮಂಡಿಯೂರಿದಳು. ಏಳನೆಯ ಅಲಗು. ಉಳಿ ಇಟ್ಟಳು. ಸುತ್ತಿಗೆ ಎತ್ತಿದಳು. ಒಂದು ಏಟು. ಜಾರಿತು. ಬೆರಳಿನ ಗಿಣ್ಣು ಒಡೆದು ರಕ್ತ ಬಂತು. ಎರಡನೆಯ ಏಟು. ಮೂರು. ರಿವಿಟ್ಟಿನ ತಲೆ ಹಾರಿತು.

ಇನ್ನೊಂದು.

ಹಾರೆ ಅರ್ಧ ಬಾಗಿತ್ತು. ಪಟ್ಟಿ ಕೂದಲೆಳೆಯಷ್ಟು ಅಲುಗಿತು. ಮತ್ತೊಂದು ಎಳೆಯಷ್ಟು. ಬಗಲಲ್ಲಿ ಏನೋ ಸರಿದಾಡಿತು. ಅತ್ತೆಯ ಕೈ. ನೆರಿಗೆಗಟ್ಟಿದ, ಸುಟ್ಟ ಕಲೆಯ, ಪರಿಚಯದ ಕೈ ಅವಳ ಕಣ್ಣೆದುರೇ ಚಾಚಿ ಬಂದು ಅಲಗಿನ ಪಕ್ಕದ ಕಬ್ಬಿಣದ ಬೆರಳನ್ನು ಹಿಡಿದುಕೊಂಡಿತು. ಬಿಡಿಸಲು ಸಮಯವಿಲ್ಲ. ಏಟು. ಕೂಗಲು ಉಸಿರಿಲ್ಲ. ಏಟು. ಹಾರೆ ಕಿರುಗುಟ್ಟಿತು. ಏಟು. ತಪ್ಪಾಯ್ತು, ನನ್ನ ಕೈ ತಗೋ, ಇವರನ್ನ ಬಿಡು ಎಂದು ಯಾರನ್ನೋ ಬೇಡಿಕೊಂಡಳು. ಏಟು. ಏಟು.

ಎರಡನೆಯ ರಿವಿಟ್ಟಿನ ತಲೆಯೂ ಹಾರಿತು. ಅಲಗು ಕಳಚಿ ಮಣ್ಣಿಗೆ ಬಿತ್ತು.

ಎಲ್ಲ ಒಮ್ಮೆಗೇ ನಿಂತಿತು. ಚಕ್ರ ನಿಂತಿತು, ಪಟ್ಟಿಯ ನಡುಕ ನಿಂತಿತು. ಎಲ್ಲೋ ಒಂದು ಕಾಗೆ ಕೂಗಿತು. ಟ್ರ್ಯಾಕ್ಟರಿನ ಮೇಲಿನಿಂದ ಗಂಡ, "ಯಾಕೆ ನಿಲ್ಸಿದ್ದು? ಕೀಲಿ ಎಲ್ಲಿ? ಏಯ್, ಏನು ನಿನ್ನ ಕೈ, ಅಯ್ಯೋ, ಅಮ್ಮ ಯಾಕೆ ಇಲ್ಲಿ ಬಿದ್ದಿದಾಳೆ?" ಎಂದು ಒಂದೇ ಉಸಿರಿಗೆ ಕೇಳತೊಡಗಿದ. ಅವನ ಬಾಯಿ ಕೇಳಿ ಅವಳಿಗೆ ಜೀವ ಬಂತು. ಅಲಗನ್ನು ಸುತ್ತಿಗೆಯಿಂದ ದೂರಕ್ಕೆ ಅಟ್ಟಿ, ಅತ್ತೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅತ್ತೆ ಕಣ್ಣುಜ್ಜಿಕೊಂಡಳು. ಕೂದಲಿನಲ್ಲಿ ಸಿಕ್ಕಿದ್ದ ಹುಲ್ಲು ತೆಗೆದುಕೊಂಡಳು. ಮಿಷನ್ನನ್ನು ನೋಡಿದಳು, ಖಾಲಿಯಾದ ಜಾಗ ನೋಡಿದಳು, ಸೊಸೆಯ ಮುಖ ನೋಡಿದಳು. ಯಾರೂ ಏನೂ ಹೇಳದೆಯೇ ಅವಳಿಗೆ ತಿಳಿಯಿತು.

"ದೊಡ್ಡವನು ಎಲ್ಲಿ?" ಎಂದಳು.

ಗಂಡನೂ ಅವಳೂ ಉಳಿದಿದ್ದ ಹುಲ್ಲಿನೊಳಗೆ ನುಗ್ಗಿದರು. ಹುಲ್ಲು ಸೀಳುತ್ತ, ಕಾಲಲ್ಲಿ ತಡಕುತ್ತ, ಅವನು ಅಣ್ಣ ಅಣ್ಣ ಎಂದೂ ಅವಳು ಭಾವ ಭಾವ ಎಂದೂ ಕೂಗುತ್ತ ಈ ಕೊನೆಯಿಂದ ಆ ಕೊನೆಗೆ ಹೋದರು. ಅಂಗಳದಷ್ಟೇ ಜಾಗ. ಒಂದು ಮೊಲ ಅಡಗಿದ್ದರೂ ಸಿಗಬೇಕಿತ್ತು. ಯಾರೂ ಇರಲಿಲ್ಲ. ಮಿಷನ್ ನಿಲ್ಲಿಸೋದಕ್ಕೆ ಅಂತ ಬಂದ್ರು, ನಿಮ್ಮ ಹತ್ರ ಬರ್ಲಿಲ್ವಾ ಎಂದು ಅವಳು ಕೇಳಿದಳು. ಗಂಡ ನೆನಪು ಮಾಡಿಕೊಳ್ಳಲು ಹಣೆ ಒತ್ತಿಕೊಂಡ. ಟ್ರ್ಯಾಕ್ಟರ್ ಹತ್ತಿದ್ದಷ್ಟೇ ಅವನಿಗೆ ನೆನಪಿತ್ತು. ಹಾಗಾದರೆ ದೂರದ ಹೊಲಕ್ಕೆ ವಾಪಸ್ಸು ಹೋಗಿರುತ್ತಾರೆ, ಸಿಟ್ಟು ಬಂದಿರುತ್ತದೆ, ರಾತ್ರಿ ಊಟಕ್ಕೆ ಬಂದೇ ಬರುತ್ತಾರೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುವಂತೆ ಒದರುತ್ತಲೇ ಇದ್ದಳು.

ಅತ್ತೆ ಅವರ ಜೊತೆ ಹುಡುಕಲಿಲ್ಲ. ಅವಳು ಬಯಲಿನ ಇನ್ನೊಂದು ಕಡೆಗೆ, ಕೊಯ್ದು ಮುಗಿದ ಕಡೆಗೆ ತಿರುಗಿದ್ದಳು. ಹುಲ್ಲು ಅಲ್ಲಿ ಅಚ್ಚುಕಟ್ಟಾಗಿ ಸಾಲುಸಾಲಾಗಿ ಮಲಗಿತ್ತು. ಸೊಂಟ ಮತ್ತೆ ಬಾಗಿತ್ತು. ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಇನ್ನೊಂದರಿಂದ ಒಂದೊಂದೇ ಸಾಲನ್ನು, ಒಣಗಿಸುವುದಕ್ಕೆ ಮಗುಚುವ ಹಾಗೆ ಎತ್ತಿ ಎತ್ತಿ ನೋಡುತ್ತ ನಡೆದಳು. ಒಂದು ಸಾಲು ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯ ಸಾಲಿನ ನಡುವೆ ಅವಳ ಕೈ ನಿಂತಿತು. ಬಹಳ ಹೊತ್ತು ಅವಳು ಬಗ್ಗಿದಲ್ಲಿಂದ ಏಳಲಿಲ್ಲ. ಆಮೇಲೆ ಆ ಹುಲ್ಲನ್ನು ಇದ್ದ ಹಾಗೆಯೇ ಮೆಲ್ಲಗೆ ಮುಚ್ಚಿ, ಅದರ ಪಕ್ಕದಲ್ಲಿ ಕೂತಳು.

ಸೊಸೆಗೆ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಅಳುತ್ತಾಳೆ, ಶಪಿಸುತ್ತಾಳೆ, ಹೊಡೆಯುತ್ತಾಳೆ ಎಂದು ಕಾದಳು. ಅತ್ತೆ ಯಾವುದನ್ನೂ ಮಾಡಲಿಲ್ಲ. ಪಡುವಣದಿಂದ ತಣ್ಣನೆಯ ಗಾಳಿ ಬಂತು, ದಪ್ಪ ಹನಿಗಳು ಒಂದೆರಡು ಬಿದ್ದವು.

"ಬಾಮ್ಮ," ಎಂದು ಅತ್ತೆ ಸಣ್ಣ ದನಿಯಲ್ಲಿ ಕರೆದಳು. "ಮಳೆ ಬರ್ತಿದೆ. ಎತ್ತೋದಕ್ಕೆ ನನ್ನೊಬ್ಬಳ ಕೈಲಾಗಲ್ಲ."

ಸೊಸೆ ಕೈಯಲ್ಲೇ ಉಳಿದಿದ್ದ ಸುತ್ತಿಗೆಯನ್ನು ಕೆಳಗಿಟ್ಟು ಅತ್ತೆಯ ಬಳಿಗೆ ಹೋದಳು.